ಹಿರೇಗುತ್ತಿಯ ಉಪ್ಪುಗಾಳಿ, ಗೇರು ಬೀಳದ ಕಾರು

ಕುಮಟಾ ಬಿಟ್ಟು ಅಂಕೋಲೆ ಕಡೆ ಹೊರಟರೆ ಮೊದಲು ದಿವಗಿ, ಆಮೇಲೆ ಅಘನಾಶಿನಿ ಸೇತುವೆ, ಸೇತುವೆ ದಾಟಿದರೆ ಮಿರ್ಜಾನ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ನೆನಪಾಗುವ ಕೋಟೆ ನೋಡಲು ಅಲ್ಲಿ ಕಾರು ನಿಲ್ಲಿಸುವವರು ಬಹಳ ಜನ. ಅದರ ಮುಂದಿನ ಬರ್ಗಿ, ಬೆಟ್ಕುಳಿ, ಹಿರೇಗುತ್ತಿಗಳಲ್ಲಿ ನಿಲ್ಲಿಸುವವರು ಕಡಿಮೆ. ಗೋಕರ್ಣಕ್ಕೆ ಹೊರಟ ಬೆಂಗಳೂರಿನ ಕಾರುಗಳು ಮಾದನಗೇರಿ ತಿರುವು ಎಲ್ಲಿ ಬಂತು ಅಂತ ಫೋನ್ ನೋಡ್ತಾ ಹಿರೇಗುತ್ತಿಯನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತವೆ.

ನಿಂತು ನೋಡುವವರಿಗೆ ಇಲ್ಲಿ ಕಾಣಲು ಬೇಕಾದಷ್ಟಿದೆ. ಹೆದ್ದಾರಿಯ ಒಂದು ಬದಿಗೆ ಗುಡ್ಡ, ಗೇರು ಮರಗಳು. ಇನ್ನೊಂದು ಬದಿಗೆ ಇಳಿದು ಹೋದರೆ ಗದ್ದೆ, ಅದರಾಚೆ ಅಘನಾಶಿನಿಯ ಹಿನ್ನೀರು ಹರಡಿಕೊಂಡ ತಗ್ಗು. ಉಬ್ಬರದ ಉಪ್ಪುನೀರು ಒಳಗೆ ಬರುವ ಈ ತಗ್ಗಿನ ಭೂಮಿಗೆ ಇಲ್ಲಿ ಗಜನಿ ಅಂತಾರೆ. ಉಪ್ಪು ತಡೆದುಕೊಂಡು ಬೆಳೆಯುವ ಕಗ್ಗ ಎಂಬ ಭತ್ತ ಈ ಗಜನಿಗಳದ್ದು. ಸ್ವಲ್ಪ ದೂರದ ಸಾಣಿಕಟ್ಟೆಯಲ್ಲಿ ಬೇಸಿಗೆ ಬಂದರೆ ಸಮುದ್ರದ ನೀರನ್ನು ಒಣಗಿಸಿ ಉಪ್ಪು ತೆಗೆಯುತ್ತಾರೆ. ಯಶವಂತ ಚಿತ್ತಾಲರ ಕಥೆ ಓದಿದವರಿಗೆ ಗೊತ್ತಿರುವ ಹನೇಹಳ್ಳಿಯೂ ಇದೇ ಸೀಮೆಯದು. 2024ರಲ್ಲಿ ಅಘನಾಶಿನಿಯ ಅಳಿವೆಗೆ ರಾಮ್ಸರ್ ತಾಣದ ಮಾನ್ಯತೆ ಸಿಕ್ಕಿತು. ಒಟ್ಟಿನಲ್ಲಿ ನೀರು, ಮಣ್ಣು, ಗಾಳಿ ಎಲ್ಲದರಲ್ಲೂ ಉಪ್ಪು ಇರುವ ನಾಡು ಇದು.

ಆ ಉಪ್ಪು ಎರಡು ವರ್ಷದ ಒಂದು ಕಾರಿನ ಗೇರ್‌ಬಾಕ್ಸಿನ ತನಕ ಹೇಗೆ ಬಂತು ಅನ್ನೋದೇ ಈ ಬರಹ.

ಇಲ್ಲಿ ಕಾರು ಯಾಕೆ ಬೇಕು

ಹಿರೇಗುತ್ತಿಯಲ್ಲಿ ನಮ್ಮ ಅಪ್ಪ, ಅಮ್ಮ ಮತ್ತು ಅಕ್ಕ ಇದ್ದಾರೆ. ಅಕ್ಕ ಶಾಲೆಯಲ್ಲಿ ಟೀಚರ್. ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿ ಮೂರು ವರ್ಷವಾಯಿತು. ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಬೇಕು. ಹಿರೇಗುತ್ತಿಯಿಂದ ಮಣಿಪಾಲ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ ದಾಟಿ ಹೋಗಬೇಕು. ಹುಬ್ಬಳ್ಳಿಯೂ ಹೆಚ್ಚುಕಮ್ಮಿ ಅಷ್ಟೇ ದೂರ, ಜೊತೆಗೆ ಅರಬೈಲ್ ಘಟ್ಟ ಹತ್ತಬೇಕು.

ಉತ್ತರ ಕನ್ನಡದವರಿಗೆ ಈ ಲೆಕ್ಕ ಬಾಯಿಪಾಠ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಕಾಯಿಲೆ ಅಂದ ಕೂಡಲೇ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ಎಂದೇ ಹೊರಡುವುದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಜಾಲತಾಣದಲ್ಲಿ ದೊಡ್ಡ ಅಭಿಯಾನವೇ ನಡೆಯಿತು, 2022ರಲ್ಲಿ ಮತ್ತೆ ಕೂಗು ಎದ್ದಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿ, ಆ ಕಡೆಯ ಆಸ್ಪತ್ರೆಗಳ ದಾರಿಯೂ ಮುಚ್ಚಿತು.

ಹಾಗಾಗಿ ಈ ಸೀಮೆಯ ಮನೆಗಳಲ್ಲಿ ಕಾರು ಅಂದರೆ ಅರ್ಧ ಆಂಬುಲೆನ್ಸ್. ನಮ್ಮ ಮನೆಗೂ ಆ ಲೆಕ್ಕದಲ್ಲೇ ಬಂತು. ಓಡಿಸುವುದು ಅಕ್ಕ. ಅವಳ ಎಡ ಮೊಣಕಾಲು ನೋವಿಗೆ ಕ್ಲಚ್ ಒತ್ತುವ ಕೆಲಸ ಬೇಡ ಅಂತ ಎಎಂಟಿ ಕಾರು ತಗೊಂಡೆವು.

ಎಎಂಟಿ ಅಂದರೆ ಏನು

2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಈ ತಂತ್ರಜ್ಞಾನ ನಮ್ಮ ದೇಶದ ಸಣ್ಣ ಕಾರುಗಳಿಗೆ ಇಳಿಯಿತು. ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ನಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ. ಯಾವಾಗ ಮಾಡಬೇಕು ಅಂತ ಹೇಳೋದು ಒಂದು ಪುಟ್ಟ ಕಂಪ್ಯೂಟರ್.

ಕೆಲವು ಎಎಂಟಿ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದ ಕೂಡಲೇ ಗುಂಯ್ ಅಂತ ಒಂದು ಸದ್ದು ಬರುತ್ತದೆ. ಅದು ಆಕ್ಚುಯೇಟರಿಗೆ ಬೇಕಾದ ಎಣ್ಣೆಯ ಒತ್ತಡ ಕಟ್ಟುವ ಪಂಪ್. ಪಂಪಿಗೂ ಕಂಪ್ಯೂಟರಿಗೂ ಬೇಕಾದದ್ದು ಬ್ಯಾಟರಿಯ ಕರೆಂಟು. ಬ್ರೇಕ್ ಒತ್ತಿದ್ದೀರಿ ಅಂತ ಹೇಳುವ ಸ್ವಿಚ್ಚು, ಚಕ್ರದ ವೇಗ ಹೇಳುವ ಸೆನ್ಸರು, ಕ್ಲಚ್ ಎಲ್ಲಿದೆ ಅಂತ ಹೇಳುವ ಸೆನ್ಸರು, ಇವಿಷ್ಟೂ ಸರಿಯಾಗಿ ವರದಿ ಕೊಟ್ಟರೆ ಮಾತ್ರ ಗೇರ್ ಬೀಳುತ್ತದೆ. ಒಂದು ವರದಿ ತಪ್ಪಿದರೂ ಕಂಪ್ಯೂಟರ್ ಸಾಹಸ ಮಾಡುವುದಿಲ್ಲ, ಗೇರನ್ನು ನ್ಯೂಟ್ರಲ್ಲಿಗೆ ತಂದು ಕೂತುಬಿಡುತ್ತದೆ.

ಎರಡನೇ ಮಳೆಗಾಲದಲ್ಲಿ, ಇಪ್ಪತ್ತೊಂದು ಸಾವಿರ ಕಿಲೋಮೀಟರ್ ಓಡಿದ ನಮ್ಮ ಕಾರು ಹೀಗೇ ಕೂರಲು ಶುರು ಮಾಡಿತು. ಮೀಟರಿನಲ್ಲಿ 'ಎನ್' ಮಿಣುಕುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಏನೂ ಆಗಿಲ್ಲವೇನೋ ಎಂಬಂತೆ ಹೊರಡುತ್ತದೆ. "ಗುಡ್ಡದ ಗೇರೆಲ್ಲ ಬಿದ್ದು ಆಯ್ತು, ಈ ಕಾರಿನ ಗೇರು ಮಾತ್ರ ಬೀಳೂದಿಲ್ಲ" ಅಂತ ಅಪ್ಪ ತಮಾಷೆ ಮಾಡಿದರು.

ಜುಲೈನಲ್ಲಿ ಮಣಿಪಾಲಕ್ಕೆ ಹೊರಟಾಗ ತಮಾಷೆ ನಿಂತಿತು. ಬೆಳಗಿನ ಐದು ಗಂಟೆ, ಧೋ ಮಳೆ, ಹೊನ್ನಾವರದ ಶರಾವತಿ ಸೇತುವೆ. ನಡು ಸೇತುವೆಯಲ್ಲಿ ಗೇರ್ ಹೋಯಿತು. ಹಿಂದಿನಿಂದ ಲಾರಿಗಳು. ಅಕ್ಕ ಅಪಾಯದ ದೀಪ ಹಾಕಿ, ಇಬ್ಬರನ್ನೂ ಇಳಿಸಿ ಸೇತುವೆಯ ಅಂಚಿಗೆ ನಿಲ್ಲಿಸಿದಳು. ಮೀನಿನ ಗಾಡಿಯವರು ಇಳಿದು ಬಂದು ತಳ್ಳಿಕೊಟ್ಟರು. ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಅಮ್ಮ ಆ ಕಾರು ಹತ್ತುವುದಿಲ್ಲ ಅಂದಳು.

ಕ್ಯಾಲೆಂಡರಿನ ಹಿಂಬದಿ

ಕಾರನ್ನು ವರ್ಕ್‌ಶಾಪಿಗೆ ಮೂರು ಸಲ ಒಯ್ದಾಯಿತು. ಮೊದಲೆರಡು ಸಲ ಮಧ್ಯಾಹ್ನ ಹೊತ್ತಲ್ಲಿ ಓಡಿಸಿ ನೋಡಿ "ಮೇಡಂ, ಪ್ರಾಬ್ಲಂ ಏನೂ ಕಾಣ್ತಾ ಇಲ್ಲ" ಅಂದರು. ಮೂರನೇ ಸಲ ಸ್ಕ್ಯಾನರ್ ಹಾಕಿ, ಗೇರ್‌ಬಾಕ್ಸಿನ ಕೋಡ್ ಬಂದಿದೆ, ಕ್ಲಚ್ ಸೆಟ್ಟು ಮತ್ತು ಆಕ್ಚುಯೇಟರ್ ಬದಲಿಸಬೇಕು ಅಂತ ಅರವತ್ತು ಸಾವಿರ ದಾಟಿದ ಅಂದಾಜು ಕೊಟ್ಟರು. ಕ್ಲಚ್ ಸವೆಯುವ ಭಾಗ, ಅದು ವಾರಂಟಿಯಲ್ಲಿ ಬರುವುದಿಲ್ಲ ಅಂತಲೂ ಹೇಳಿದರು.

ಅಕ್ಕ ಅಷ್ಟರಲ್ಲಿ ಒಂದು ಕೆಲಸ ಮಾಡಿದ್ದಳು. ಮಕ್ಕಳ ಹಾಜರಿ ಬರೆದು ರೂಢಿಯಾದವಳು, ಕಾರು ಕೈಕೊಟ್ಟಾಗಲೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಳು: ತಾರೀಕು, ಗಂಟೆ, ಹೊರಟು ಎಷ್ಟು ಹೊತ್ತಾಗಿತ್ತು, ಏರೋ ಸಮತಟ್ಟೋ, ಮಳೆ ಇತ್ತಾ, ಏನೇನು ಆನ್ ಇತ್ತು. ಆಗಸ್ಟಿನಲ್ಲಿ ಅಪ್ಪನ ಮುಂದಿನ ತಾರೀಕಿಗೆಂದು ನಾನು ರಜೆ ಹಾಕಿ ಊರಿಗೆ ಹೋದಾಗ ಆ ಹಾಳೆಯಲ್ಲಿ ಹನ್ನೊಂದು ಸಾಲು ಇತ್ತು.

ಇಬ್ಬರೂ ಕೂತು ಓದಿದೆವು. ಒಂದು ಸಲ ಹೊರಟ ಹತ್ತು ನಿಮಿಷಕ್ಕೆ, ಇನ್ನೊಂದು ಸಲ ಎರಡು ತಾಸು ಓಡಿದ ಮೇಲೆ ನಿಂತಿದೆ. ಹಾಗಾದರೆ ಬಿಸಿಯ ಕಾರಣ ಅಲ್ಲ. ಸೇತುವೆಯ ಸಮತಟ್ಟಿನಲ್ಲೂ ನಿಂತಿದೆ, ಮನೆಯ ಏರಿನಲ್ಲೂ ನಿಂತಿದೆ. ಹಾಗಾದರೆ ಭಾರದ್ದಲ್ಲ. ಕ್ಲಚ್ ಸವೆದಿದ್ದರೆ ಏರಿನಲ್ಲಿ, ಜನ ತುಂಬಿದಾಗ ಹೆಚ್ಚು ಕಾಡಬೇಕಿತ್ತು.

ಹನ್ನೊಂದರಲ್ಲಿ ಒಂಬತ್ತು ಸಾಲಿನಲ್ಲಿ ಒಂದೇ ಮಾತು: ಹೆಡ್‌ಲೈಟ್, ವೈಪರ್, ಗಾಜಿನ ಮಂಜು ಹೋಗಿಸಲು ಫ್ಯಾನ್. ಉಳಿದೆರಡು ಸಂಜೆಯದ್ದು, ಮಳೆ ನಿಂತಿತ್ತು, ಆದರೆ ಹೆಡ್‌ಲೈಟೂ ಎಸಿಯೂ ಆನ್ ಇತ್ತು. ಬಿಸಿಲಿನ ಮಧ್ಯಾಹ್ನ ಒಂದು ಸಲವೂ ನಿಂತಿಲ್ಲ. ವರ್ಕ್‌ಶಾಪಿನವರು ಓಡಿಸಿ ನೋಡಿದ್ದು ಮಧ್ಯಾಹ್ನವೇ.

"ತಮಾ, ಇದು ಗೇರಿನ ರೋಗ ಅಲ್ಲ, ಕರೆಂಟಿಂದು ಅನಸ್ತದೆ" ಅಂದಳು ಅಕ್ಕ.

ವರ್ಕ್‌ಶಾಪ್ ಕೊಟ್ಟ ಕಾಗದ ತೆಗೆದು ನೋಡಿದೆವು. ಕೋಡ್ ಒಂದಲ್ಲ, ಎರಡಿತ್ತು. ಮೊದಲನೆಯದು ಪಿ 0700. ಇದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್. 'ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಒಂದು ದೂರು ದಾಖಲಾಗಿದೆ, ಅದನ್ನು ಹೋಗಿ ಓದಿ' ಎಂಬುದಷ್ಟೇ ಅದರ ಅರ್ಥ. ಗೇರ್‌ಬಾಕ್ಸ್ ಹಾಳಾಗಿದೆ ಅಂತ ಅದು ಹೇಳುವುದೇ ಇಲ್ಲ. ಎರಡನೆಯದು ಪಿ 0562, ಅಂದರೆ ವಾಹನದ ವೋಲ್ಟೇಜ್ ಕಡಿಮೆ. ಅದರ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ.

ದೋಣಿಯ ಕರೆಂಟು ಗೊತ್ತಿದ್ದವರು

ಹಿರೇಗುತ್ತಿಯಿಂದ ಹಿನ್ನೀರಿನ ಆಚೆ ಕಡೆ ತದಡಿ, ಮೀನುಗಾರಿಕೆಯ ಬಂದರು. ಅಲ್ಲಿಯ ಯಾಂತ್ರಿಕ ದೋಣಿಗಳ ಬ್ಯಾಟರಿ, ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ಅಕ್ಕನ ಶಾಲೆಯ ಹುಡುಗನೊಬ್ಬನ ತಂದೆ. ಭಾನುವಾರ ಸಂಜೆ ಬೈಕಿನಲ್ಲಿ ಬಂದರು. ಕೈಯಲ್ಲಿ ಒಂದು ಮಲ್ಟಿಮೀಟರ್ ಬಿಟ್ಟರೆ ಏನೂ ಇರಲಿಲ್ಲ.

"ಅಕ್ಕೋರೇ, ವಾರಂಟಿ ಗಾಡಿ. ನಾನು ಏನೂ ಬಿಚ್ಚೂದಿಲ್ಲ. ಅಳತೆ ಮಾತ್ರ ಮಾಡ್ತೆ" ಅಂತ ಮೊದಲೇ ಹೇಳಿದರು.

ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್ ತೋರಿಸಿತು. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿ ಅಂತ ಲೆಕ್ಕ. ಎಂಜಿನ್ ಶುರು ಮಾಡಿದಾಗ 14.2. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಅಲ್ಲಿಗೆ ಬ್ಯಾಟರಿಯೂ ಚೆನ್ನ, ಚಾರ್ಜಿಂಗೂ ಚೆನ್ನ. ನನಗೆ ನಿರಾಸೆಯಾಯಿತು. ಅವರಿಗೆ ಆಗಲಿಲ್ಲ.

"ಕರೆಂಟು ಹೋಗೂ ದಾರಿ ಸರಿ ಉಂಟು. ಈಗ ತಿರುಗಿ ಬರೂ ದಾರಿ ನೋಡ್ವ."

ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡೆರಡು ಉದ್ದ ವೈರ್ ಇರುವುದಿಲ್ಲ. ಬ್ಯಾಟರಿಯ ಪ್ಲಸ್‌ನಿಂದ ವೈರಿನಲ್ಲಿ ಹೋದ ಕರೆಂಟು, ಕೆಲಸ ಮುಗಿಸಿ ಕಾರಿನ ಕಬ್ಬಿಣದ ಮೈಯಲ್ಲೇ ಹರಿದು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುತ್ತದೆ. ಮೈಗೂ ಮೈನಸ್‌ಗೂ ಇರುವ ದಪ್ಪ ಕೇಬಲ್ಲೇ ಅರ್ತಿಂಗ್. ಗಜನಿಗೆ ನೀರು ಬಿಡುವ, ತೆಗೆಯುವ ಹಲಗೆ ಬಾಗಿಲಿಗೆ ಇಲ್ಲಿ ಜಂತ್ರಡಿ ಅಂತಾರೆ. ಒಳಗೆ ಬಂದ ನೀರು ಹೊರಗೆ ಹೋಗುವ ಜಂತ್ರಡಿಯಲ್ಲಿ ಕಸ ಕಟ್ಟಿಕೊಂಡರೆ, ನೀರು ಕಡಿಮೆ ಇದ್ದಾಗ ಗೊತ್ತಾಗುವುದಿಲ್ಲ. ಜೋರಾಗಿ ಹರಿಯಬೇಕಾದಾಗ ಗೊತ್ತಾಗುತ್ತದೆ. ಅರ್ತಿಂಗ್ ಬೋಲ್ಟಿಗೆ ತುಕ್ಕು ಹಿಡಿದರೂ ಹಾಗೇ.

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದನ್ನು ಕಾರಿನ ಮೈಯ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದರು. ಎಂಜಿನ್ ಓಡುತ್ತಿತ್ತು, ಎಲ್ಲ ದೀಪ ಆಫ್. ಮೀಟರ್ 0.1 ವೋಲ್ಟ್. ಆಮೇಲೆ ಅಕ್ಕ ಹೆಡ್‌ಲೈಟ್ ಹಾಕಿದಳು, ವೈಪರ್, ಫ್ಯಾನ್, ಹಿಂದಿನ ಗಾಜಿನ ಹೀಟರ್ ಹಾಕಿದಳು. ಮೀಟರ್ ಏರುತ್ತಾ ಹೋಗಿ 1.4ಕ್ಕೆ ನಿಂತಿತು. ಇಲ್ಲಿ 0.2ರ ಆಸುಪಾಸು ದಾಟಬಾರದು. ಆ ಹೊತ್ತಿಗೆ ಅಕ್ಕ ಬ್ರೇಕ್ ಒತ್ತಿ ಗೇರ್ ಹಾಕಿದಳು. ಪಂಪಿನ ಸದ್ದು ಗುಂಯ್ ಅನ್ನುವ ಬದಲು ಎಳೆದಂತೆ ಬಂತು. ಮೀಟರ್ ಮತ್ತಷ್ಟು ಏರಿತು. 'ಎನ್' ಮಿಣುಕಿತು.

ಹನ್ನೊಂದು ಸಲ ದಾರಿಯಲ್ಲಿ ಕಾಡಿದ ರೋಗ ಹನ್ನೆರಡನೇ ಸಲ ನಮ್ಮ ಅಂಗಳದಲ್ಲಿ, ನಾವು ಹೇಳಿದಾಗ ಬಂತು. ರೋಗ ಪತ್ತೆಯಾಯಿತು ಅಂತ ಹೇಳಬಹುದಾದದ್ದು ಹೀಗೆ ಬೇಕೆಂದಾಗ ಬರಿಸಿ ತೋರಿಸಿದಾಗಲೇ.

ಟಾರ್ಚ್ ಹಿಡಿದು ನೋಡಿದರೆ ಬ್ಯಾಟರಿ ತಟ್ಟೆಯ ಕೆಳಗೆ, ಎಡಚಕ್ರದ ಹತ್ತಿರದ ಅರ್ತಿಂಗ್ ಬೋಲ್ಟಿನ ಸುತ್ತ ಹಸಿರು-ಬಿಳಿ ಪುಡಿ. ಅದೇ ಬೋಲ್ಟಿನ ಕೆಳಗೆ ಇನ್ನೊಂದು ತೆಳ್ಳನೆಯ ಕಪ್ಪು ವೈರ್ ಸಿಕ್ಕಿಸಿತ್ತು. ಕಾರು ತಗೊಳ್ಳುವಾಗ ಜೋಡಿಸಿಕೊಟ್ಟ ಹೆಚ್ಚುವರಿ ಹಾರ್ನಿನ ವೈರ್ ಅದು. ಅದರ ರಿಂಗು ನಡುವೆ ಕೂತು ಬೋಲ್ಟ್ ಪೂರ್ತಿ ಬಿಗಿಯಾಗಿರಲಿಲ್ಲ. ಆ ಸಂದಿಗೆ ಎರಡು ಮಳೆಗಾಲದ ನೀರು, ಉಪ್ಪುಗಾಳಿ, ಉಬ್ಬರದ ದಿನ ಗಜನಿ ಪಕ್ಕದ ರಸ್ತೆಯಲ್ಲಿ ಚಕ್ರ ಎರಚಿದ ಕೆಸರು ಸೇರಿಕೊಂಡಿತ್ತು. "ದೋಣಿಯಲ್ಲಿ ನಮಗೆ ಇದು ದಿನಾ ನೋಡೂದು" ಅಂತ ಅವರು ಚಹಾ ಕುಡಿದು ಹೊರಟರು.

ಮೀಟರ್ ಓದುವುದನ್ನು ನಾನು ವಿಡಿಯೋ ಮಾಡಿಕೊಂಡಿದ್ದೆ. ಅದನ್ನೂ ಕ್ಯಾಲೆಂಡರ್ ಹಾಳೆಯ ಫೋಟೊವನ್ನೂ ಹಿಡಿದು ವರ್ಕ್‌ಶಾಪಿಗೆ ಹೋದೆವು. ಈ ಸಲ ಮಾತು ಬೇರೆ ಆಗಿತ್ತು. ಬೋಲ್ಟ್ ತೆಗೆದು, ಉಜ್ಜಿ, ತುಕ್ಕು ತಡೆಯುವ ಪೇಸ್ಟ್ ಹಚ್ಚಿ, ಬಿಗಿ ಮಾಡಿ, ಹಾರ್ನ್ ವೈರಿಗೆ ಬೇರೆ ಜಾಗ ಕೊಟ್ಟರು. ಕೋಡ್ ಅಳಿಸಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನೋದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದರು. ಆಗಿದ್ದು ಒಂದು ತಾಸಿನ ಕೂಲಿ. ಅರವತ್ತು ಸಾವಿರದ ಕಾಗದ ಹಾಗೇ ಉಳಿಯಿತು. ಆಗಸ್ಟಿನ ತಾರೀಕಿಗೆ ಅಪ್ಪ ಮಣಿಪಾಲಕ್ಕೆ ಅದೇ ಕಾರಿನಲ್ಲಿ ಹೋಗಿ ಬಂದರು. ಅಮ್ಮ ಒಂದು ತಿಂಗಳು ಕಾದು ನೋಡಿ ಆಮೇಲೆ ಹತ್ತಿದಳು.

ಜಗತ್ತಿನಲ್ಲೂ ನಡೆದಿದೆ

ಹವೆ ಗೇರ್‌ಬಾಕ್ಸನ್ನು ಕಾಡುವುದು ಹಿರೇಗುತ್ತಿಯಲ್ಲಿ ಮಾತ್ರ ಅಲ್ಲ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಇದ್ದ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನ ಬೇರೆ ಬೇರೆ ಕಡೆಗಳಿಂದ ವಾಪಸ್ ಕರೆಸಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಹೊರಡುವ ಟ್ರಾಫಿಕ್ಕಿನಲ್ಲಿ, ಒಳಗಿನ ಸಿಂಥೆಟಿಕ್ ಎಣ್ಣೆಯ ದೆಸೆಯಿಂದ ವಿದ್ಯುತ್ ದೋಷ ಬರಬಹುದು ಅನ್ನೋದು ಕಾರಣ. ಪರಿಹಾರವಾಗಿ ಆ ಎಣ್ಣೆ ತೆಗೆದು ಖನಿಜ ಎಣ್ಣೆ ತುಂಬಿದರು. ನಮ್ಮ ಕಾರು ಆ ಕಂಪನಿಯದಲ್ಲ, ಗೇರ್‌ಬಾಕ್ಸೂ ಆ ಬಗೆಯದಲ್ಲ. ಆದರೆ ಅಲ್ಲಿಯೂ ಕೈಕೊಟ್ಟದ್ದು ಹಲ್ಲಿನ ಚಕ್ರಗಳಲ್ಲ, ಅವನ್ನು ನಡೆಸುವ ವಿದ್ಯುತ್ ವ್ಯವಸ್ಥೆ. ಹೊಸ ಕಾರುಗಳಲ್ಲಿ ಗೇರ್ ತೊಂದರೆ ಅಂದಾಗ ಅಲ್ಲಿಂದಲೇ ಹುಡುಕಲು ಶುರು ಮಾಡುವುದು ಕಿಸೆಗೂ ಒಳ್ಳೆಯದು.

ನಿಮ್ಮ ಕಾರು ಏನು ಹೇಳುತ್ತಿದೆ?

ಎಲ್ಲ ತೊಂದರೆಯೂ ಒಂದು ಬೋಲ್ಟಿನಲ್ಲಿ ಮುಗಿಯುವುದಿಲ್ಲ. ನಿಜಕ್ಕೂ ಗೇರ್‌ಬಾಕ್ಸೇ ಕೆಟ್ಟಿರಬಹುದು. ಲಕ್ಷಣ ನೋಡಿ ಗುರುತಿಸಲು ಸ್ವಲ್ಪ ಸಹಾಯ ಇಲ್ಲಿದೆ.

ಮ್ಯಾನ್ಯುವಲ್ ಮತ್ತು ಎಎಂಟಿ: ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಇದು ಬೇಗ ಗೊತ್ತಾಗುತ್ತದೆ. ಎಎಂಟಿಯಲ್ಲಿ ಗೇರೇ ಬೀಳದಿದ್ದರೆ ಮೊದಲು ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದೆಯಾ ನೋಡಿ. ಬ್ರೇಕ್ ಸ್ವಿಚ್ ಕೆಟ್ಟರೂ ಗೇರ್ ಬೀಳುವುದಿಲ್ಲ.

ಡಿಸಿಟಿ: ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ಇದ್ದರೆ ಘಟ್ಟದ ಟ್ರಾಫಿಕ್ಕಿನಲ್ಲಿ ತೆವಳುವಾಗ ಬೇಗ ಬಿಸಿಯಾಗುತ್ತದೆ. ಎಚ್ಚರಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಏರಿನಲ್ಲಿ ಕಾರನ್ನು ಆಕ್ಸಿಲರೇಟರಿನಿಂದ ಹಿಡಿದಿಡಬೇಡಿ, ಬ್ರೇಕ್ ಹಿಡಿಯಿರಿ. ತಣಿದ ಮೇಲೆ ಸರಿಯಾದರೆ ಬಿಸಿಯ ತೊಂದರೆ. ತಣ್ಣಗಿದ್ದಾಗಲೂ ಹೊರಡುವಾಗ ನಡುಗಿದರೆ ಕ್ಲಚ್ ನೋಡಿಸಬೇಕು.

ಸಿವಿಟಿ: ಬೆಲ್ಟು ಅಥವಾ ಚೈನು ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಎಂಜಿನ್ ಸದ್ದು ಮೊದಲು, ವೇಗ ಆಮೇಲೆ ಬರುವುದು ಇದರ ಸ್ವಭಾವ, ರೋಗ ಅಲ್ಲ. ಹೊಸದಾಗಿ ಶುರುವಾದ ಕೊರೆಯುವ ಸದ್ದು ಅಥವಾ ನಡುಕ ಮಾತ್ರ ರೋಗದ ಲಕ್ಷಣ.

ಟಾರ್ಕ್ ಕನ್ವರ್ಟರ್: ಗೇರ್ ಬದಲಾಗುವ ಗಳಿಗೆಯಲ್ಲಿ ಎಂಜಿನ್ ಒಮ್ಮೆಲೇ ಏರಿ ಇಳಿದರೆ, ಜಗ್ಗಿದಂತಾದರೆ ಎಣ್ಣೆಯ ಮಟ್ಟ ಮತ್ತು ಬಣ್ಣ ನೋಡಿಸಿ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಒಳಗೆ ಏನೋ ಸವೆಯುತ್ತಿದೆ. ಯಾವ ಗೇರ್‌ಬಾಕ್ಸೇ ಇರಲಿ, ನೆರೆನೀರಿನಲ್ಲಿ ಹೋಗಿ ಬಂದ ಮೇಲೆ ಎಣ್ಣೆ ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಒಳಗೆ ಹೋಗಿದೆ. ಕಾರು ಓಡಿಸಲೇಬೇಡಿ.

ಒಂದೆರಡು ಸಾವಿರದೊಳಗೆ ಸಿಗುವ ಬ್ಲೂಟೂತ್ ಕೋಡ್ ರೀಡರ್ ಫೋನಿಗೆ ಜೋಡಿಸಿಕೊಂಡರೆ ಕೋಡ್ ನೀವೇ ಓದಬಹುದು. ಆದರೆ ಅಗ್ಗದವು ಬಹಳಷ್ಟು ಎಂಜಿನ್ನಿನ ಕೋಡ್ ಮಾತ್ರ ಓದುತ್ತವೆ, ಗೇರ್‌ಬಾಕ್ಸಿನ ಒಳಗಿನದು ಓದಲು ವರ್ಕ್‌ಶಾಪಿನ ಸ್ಕ್ಯಾನರೇ ಬೇಕು. ಕೋಡ್ ಅಳಿಸುವ ಮೊದಲು ಫೋಟೊ ತೆಗೆದಿಡಿ. ಅಳಿಸಿದ ಮೇಲೆ ಪುರಾವೆಯೂ ಹೋಯಿತು.

ಕಾಗದ ಜೋಪಾನ

ಜಾಬ್ ಕಾರ್ಡಿನಲ್ಲಿ ದೂರು ನಿಮ್ಮ ಮಾತಿನಲ್ಲೇ ಬರೆಸಿ. 'ಗೇರ್ ಸಮಸ್ಯೆ' ಅಂತ ಬರೆದರೆ ಸಾಲದು. 'ಮಳೆಯಲ್ಲಿ, ಹೆಡ್‌ಲೈಟ್ ಮತ್ತು ವೈಪರ್ ಆನ್ ಇದ್ದಾಗ ಗೇರ್ ನ್ಯೂಟ್ರಲ್ಲಿಗೆ ಬೀಳುತ್ತದೆ' ಅಂತ ಬರೆಸಿ. ದೋಷ ಸಿಗಲಿಲ್ಲ ಅಂದರೆ ಅದನ್ನೂ ಬರೆದು ಕೊಡಲು ಕೇಳಿ. ವಾರಂಟಿಯೊಳಗೆ ಅದೇ ದೂರು ಎಷ್ಟು ಸಲ ಬಂದಿತ್ತು ಅಂತ ತೋರಿಸಲು ಈ ಕಾಗದಗಳೇ ಆಧಾರ. ಮೆಕ್ಯಾನಿಕ್ ಜೊತೆ ಕೂತು, ತೊಂದರೆ ಬರುವ ಹೊತ್ತಿನಲ್ಲಿ, ಬರುವ ರೀತಿಯಲ್ಲೇ ಓಡಿಸಿ ತೋರಿಸಿ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ರಕ್ಷಣಾ ಕಾಯ್ದೆ, 2019ರ ಪ್ರಕಾರ ಕಾರು ಕೊಂಡ ಊರಿಗೇ ಹೋಗಬೇಕಿಲ್ಲ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ಮಾಡುತ್ತದೆ. ಉತ್ತರ ಕನ್ನಡದವರಿಗೆ ಅದು ಕಾರವಾರದಲ್ಲಿದೆ.

ಈ ದಾರಿಯಲ್ಲಿ ಬರುವವರಿಗೆ

ಮುಂದಿನ ಸಲ ಗೋಕರ್ಣಕ್ಕೆ ಬರುವಾಗ ಹಿರೇಗುತ್ತಿಯಲ್ಲಿ ಒಂದರ್ಧ ತಾಸು ನಿಲ್ಲಿ. ಗದ್ದೆಯ ಕಡೆ ಇಳಿದು ಗಜನಿಯ ಒಡ್ಡಿನ ಮೇಲೆ ನಡೆಯಿರಿ. ಉಬ್ಬರ ಏರುವ ಹೊತ್ತಾದರೆ ನೀರು ಒಳಗೆ ಬರುವುದು ಕಣ್ಣೆದುರೇ ಕಾಣುತ್ತದೆ. ಕಾರನ್ನು ಮಾತ್ರ ಒಡ್ಡಿನ ಪಕ್ಕದ ತಗ್ಗಿನಲ್ಲಿ ಬಿಡಬೇಡಿ, ಮೇಲೆ ಹೆದ್ದಾರಿ ಬದಿಯಲ್ಲೇ ಇರಲಿ.

ಇಲ್ಲೇ ಅಪ್ಪ-ಅಮ್ಮನ ಹತ್ತಿರ ಕಾರು ಬಿಟ್ಟು ಬೆಂಗಳೂರಲ್ಲೋ ಪುಣೆಯಲ್ಲೋ ಕೂತ ನಮ್ಮಂಥವರಿಗೆ ಇನ್ನೂ ಒಂದು ಮಾತು. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಬ್ಯಾಟರಿ ಮತ್ತು ಅರ್ತಿಂಗ್ ಅಳತೆ ಮಾಡಿಸಿ. ಹೊರಗಿನಿಂದ ಹಾಕಿಸಿದ ಹಾರ್ನು, ಫಾಗ್ ಲೈಟು ಯಾವ ಬೋಲ್ಟಿಗೆ ಸಿಕ್ಕಿಸಿದ್ದಾರೆ ಅಂತ ನೋಡಿಸಿ. ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಹಾಳೆ ಕಾರಿಗೂ ಇರಲಿ.

ಪ್ರವಾಸ ಮುಗಿಸಿ ಘಟ್ಟ ಹತ್ತಿ ವಾಪಸ್ ಹೋದ ಮೇಲೆ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಮ್ಯಾಟಿನ ಮೇಲಿನ ಬೀಚ್ ಮರಳನ್ನು ಆಮೇಲೆ ಕೊಡವಿದರೂ ನಡೆಯುತ್ತದೆ.